ಬೊಚ್ಚಪ್ಪನ ಬಾಲ: ಡ್ರ್ಯಾಗನ್ ಸರಣಿಯ ಕೊನೇದನ್ನು ಮಗಳಿಗೆ ತೋರಿಸಲಾ, ಬೇಡವಾ?

ಲೇತ್ ಅಂಗಡಿ, ದಾವಣಗೆರೆ

ಮೊದಲೇ ಹೇಳಿಬಿಡುತ್ತೇನೆ, ಕಥೆ ಪೂರ್ತಿ ಬಿಚ್ಚಿಟ್ಟಿದ್ದೇನೆ. ನೋಡದವರು ಇಲ್ಲಿಂದಲೇ ವಾಪಸ್ ಹೋಗಿ.

ನನ್ನ ಮಗಳಿಗೆ ಒಂಬತ್ತು ವರ್ಷ. ದಸರಾ ರಜೆಯಲ್ಲಿ ಅವಳ ಜೊತೆ ಕೂತು ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಕಾರ್ಟೂನ್ ಸಿನಿಮಾ ನೋಡಿದೆ. ಮರುದಿನವೇ ಎರಡನೇದು ಆಯಿತು. ಈಗ ಮೂರನೇದು ಯಾವಾಗ ಅಂತ ದಿನಾ ಪೀಡಿಸುತ್ತಿದ್ದಾಳೆ. ಒಂದಿನ ಕರೆಂಟ್ ಇಲ್ಲ, ಒಂದಿನ ನೆಟ್ ಇಲ್ಲ ಅಂತ ತಳ್ಳುತ್ತಾ ಬಂದಿದ್ದೇನೆ. ನಿಜ ಏನಂದರೆ ತೋರಿಸಲು ನನಗೇ ಮನಸ್ಸಿಲ್ಲ.

ಹಿಕಪ್ ಅಂದರೆ ಏನು ಅಂತ ಕೇಳಿದಳು. ಬಿಕ್ಕಳಿಕೆ ಅಂದೆ. ಟೂತ್‌ಲೆಸ್ ಅಂದರೆ? ಬೊಚ್ಚುಬಾಯಿ ಅಂದೆ. ಅವತ್ತಿಂದ ನಮ್ಮ ಮನೆಯಲ್ಲಿ ಹುಡುಗ ಬಿಕ್ಕಳಿಕೆ, ಡ್ರ್ಯಾಗನ್ ಬೊಚ್ಚಪ್ಪ. ಊಟಕ್ಕೆ ಕೂತಾಗ ಯಾರಿಗಾದರೂ ಬಿಕ್ಕಳಿಕೆ ಬಂದರೆ ‘ಬೊಚ್ಚಪ್ಪ ನೆನೆಸಿಕೊಂಡ’ ಅನ್ನುತ್ತಾಳೆ.

ಮೊದಲನೇದು ಬಂದಿದ್ದು 2010ರಲ್ಲಿ. ನಾನು ನೋಡಿದ್ದು ಮರುವರ್ಷ, ಡಿಪ್ಲೊಮಾ ಓದುವಾಗ, ಗೆಳೆಯನ ರೂಮಿನ ಕಂಪ್ಯೂಟರಿನಲ್ಲಿ. ಕಾರ್ಟೂನು ಮಕ್ಕಳದ್ದು ಅಂತ ಅರ್ಧ ಮನಸ್ಸಿನಲ್ಲೇ ಕೂತಿದ್ದೆ. ಆ ಬಾಲ ಬಂತು ನೋಡಿ, ಎದ್ದು ಕೂತೆ.

ಬಾಲ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಪ್ರಶ್ನೆ ನಿಂತಿರೋದೇ ಅದರ ಮೇಲೆ. ಬೊಚ್ಚಪ್ಪನ ಬಾಲದ ತುದಿಯಲ್ಲಿ ಎರಡು ರೆಕ್ಕೆ. ಹಿಕಪ್ ಹೊಡೆದು ಬೀಳಿಸಿದಾಗ ಎಡಗಡೆಯದು ಹೋಗುತ್ತೆ. ಬ್ಯಾಲೆನ್ಸ್ ಇಲ್ಲ, ಹಾರಲು ಆಗಲ್ಲ. ಹುಡುಗ ಕಮ್ಮಾರನ ಕುಲುಮೆಯಲ್ಲಿ ಕೆಲಸ ಕಲಿಯುತ್ತಿರುವವನು. ಚರ್ಮ, ಕಬ್ಬಿಣ ಸೇರಿಸಿ ಒಂದು ರೆಕ್ಕೆ ಮಾಡುತ್ತಾನೆ. ಮೊದಲು ಕೈಯಲ್ಲಿ ಹಿಡಿದು ತಿರುಗಿಸುತ್ತಾನೆ. ಆಮೇಲೆ ಕಾಲಿಗೆ ಹಗ್ಗ. ಆಮೇಲೆ ಪೆಡಲ್. ಒಂದೇ ಏಟಿಗೆ ಸರಿಯಾಗಲ್ಲ, ಪ್ರತಿ ಸಲ ಬೀಳುತ್ತಾನೆ, ಪ್ರತಿ ಸಲ ಒಂದು ಸಣ್ಣ ಬದಲಾವಣೆ ಮಾಡುತ್ತಾನೆ. ನಮ್ಮ ಅಂಗಡಿಯಲ್ಲಿ ಮೆಕ್ಕೆಜೋಳದ ಮಷಿನ್ ಸರಿಮಾಡುವುದು ಹೀಗೇ. ಪೆಡಲ್ ಎಷ್ಟು ಒತ್ತಿದರೆ ರೆಕ್ಕೆ ಎಷ್ಟು ತೆರೆಯುತ್ತೆ ಅಂತ ಒಂದು ಚೀಟಿ ಬರೆದಿಟ್ಟುಕೊಂಡು ಹಾರುತ್ತಾನೆ. ಲೇತಿನ ಮೇಲೆ ಥ್ರೆಡ್ ಕತ್ತರಿಸುವ ಚಾರ್ಟ್ ಇರುತ್ತಲ್ಲ, ಹಾಗೆ. ಮೇಲೆ ಹೋದಾಗ ಆ ಚೀಟಿ ಗಾಳಿಗೆ ಹಾರಿಹೋಗುತ್ತೆ. ಆಮೇಲೆ ಕಾಲು ತಾನೇ ಕೆಲಸ ಮಾಡುತ್ತೆ. ಕೆಲಸ ಕಲಿತವನಿಗೆ ಆ ಒಂದು ನಿಮಿಷ ಸಾಕು. ಕೊನೆಗೆ ಹಿಕಪ್‌ನ ಎಡಗಾಲೂ ಹೋಗುತ್ತೆ. ಅವನ ಕಬ್ಬಿಣದ ಕಾಲು ಪೆಡಲಿಗೆ ಟಕ್ ಅಂತ ಕೂರುತ್ತೆ. ಇವನಿಲ್ಲದೆ ಅದು ಹಾರಲ್ಲ, ಅದಿಲ್ಲದೆ ಇವನು ಹಾರಲ್ಲ. ಮುಗೀತು, ಇನ್ನೇನು ಬೇಕು?

2014ರ ಎರಡನೇದು ಗಟ್ಟಿ ಚಿತ್ರ. ಹಿಕಪ್‌ನ ಅಪ್ಪ ಸಾಯುತ್ತಾನೆ, ಅದೂ ಬೊಚ್ಚಪ್ಪನ ಬೆಂಕಿಗೇ. ಮಗಳು ಅವತ್ತು ಊಟ ಬಿಟ್ಟಳು.

ಮೂರನೇದು ‘ದಿ ಹಿಡನ್ ವರ್ಲ್ಡ್’. 2019ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಹೋಗಿದ್ದೆ, ಎಸ್.ಪಿ. ರೋಡಿನಲ್ಲಿ ಬೇರಿಂಗ್ ತರುವುದಿತ್ತು. ಕೆಲಸ ಬೇಗ ಮುಗಿಯಿತು. ಬೇರಿಂಗ್ ಚೀಲ ಕಾಲ ಕೆಳಗೆ ಇಟ್ಟುಕೊಂಡು ಒಬ್ಬನೇ ಕೂತು ನೋಡಿದೆ. ಕೊನೆಯ ಹತ್ತು ನಿಮಿಷ 3ಡಿ ಕನ್ನಡಕದ ಒಳಗೆ ನೀರು. ಆಚೆ ಬಂದು ಬಸ್ ಹತ್ತಿದ ಮೇಲೆ ಸಿಟ್ಟು ಬಂತು. ತುಮಕೂರು ದಾಟುವಷ್ಟರಲ್ಲಿ ಜಾಸ್ತಿಯಾಯಿತು.

ಯಾಕೆ ಅಂದರೆ, ಇದರಲ್ಲಿ ಹಿಕಪ್ ಬೊಚ್ಚಪ್ಪನಿಗೆ ಆಟೊಮ್ಯಾಟಿಕ್ ಬಾಲ ಮಾಡಿಕೊಡುತ್ತಾನೆ. ಪೆಡಲ್ ಬೇಡ, ಸವಾರ ಬೇಡ. ಬಿಳಿ ಡ್ರ್ಯಾಗನ್ ಹಿಂದೆ ಅದು ಒಂಟಿಯಾಗಿ ಹಾರಿಹೋಗಲಿ ಅಂತ. ಆದರೆ 2011ರಲ್ಲಿ ಇವರೇ ಒಂದು ಸಣ್ಣ ಚಿತ್ರ ಮಾಡಿದ್ದರು, ‘ಗಿಫ್ಟ್ ಆಫ್ ದಿ ನೈಟ್ ಫ್ಯೂರಿ’. ಅದರಲ್ಲೂ ಹುಡುಗ ಇಂಥದ್ದೇ ಬಾಲ ಮಾಡಿಕೊಡುತ್ತಾನೆ. ಬೊಚ್ಚಪ್ಪ ಅದನ್ನು ನೆಲಕ್ಕೆ ಬಡಿದು ಮುರಿದು ಹಾಕುತ್ತೆ! ನನಗೆ ಹಳೇದೇ ಬೇಕು, ನೀನು ಮೇಲೆ ಕೂತೇ ಹಾರಬೇಕು ಅನ್ನುವ ಹಾಗೆ. ಹಾಗಾದರೆ ಎಂಟು ವರ್ಷದಲ್ಲಿ ಅದರ ಮನಸ್ಸು ಬದಲಾಗಲು ಒಂದು ಹೆಣ್ಣು ಡ್ರ್ಯಾಗನ್ ಸಾಕಾಯಿತಾ?

ಇನ್ನೊಂದು. ಎಲ್ಲಾ ಡ್ರ್ಯಾಗನ್‌ಗಳನ್ನೂ ಬಿಟ್ಟು ಕಳಿಸುತ್ತಾರೆ. ಮನುಷ್ಯರ ಲೋಕ ಕೆಟ್ಟದ್ದು, ಬೇಟೆಗಾರರು ಬರುತ್ತಲೇ ಇರುತ್ತಾರೆ ಅನ್ನುವುದು ಕಾರಣ. ಕಳ್ಳ ಬಂದ ಅಂತ ಯಾರಾದರೂ ದನ ಕಾಡಿಗೆ ಬಿಡುತ್ತಾರಾ? ಆ ಕಳ್ಳನಾದರೂ ಭಯ ಹುಟ್ಟಿಸುವವನಾ? ಗ್ರಿಮ್ಮೆಲ್ ಅಂತ. ತೆಳ್ಳಗೆ, ಬೆಳ್ಳಗೆ, ಬಾಯಿ ತೆರೆದರೆ ಭಾಷಣ.

ಮತ್ತೆ ನನ್ನ ಕಸುಬಿನ ತಕರಾರು ಒಂದಿದೆ, ನಗಬೇಡಿ. ನಾನು ಕೆಲಸ ಕಲಿತ ಮೇಸ್ತ್ರಿ ಯಾವ ಮಷಿನ್ ಮಾಡಿಕೊಟ್ಟರೂ ಎರಡು ಬುಷ್ (ಸವೆದರೆ ಬದಲಿಸುವ ಸಣ್ಣ ಕೊಳವೆ) ಜಾಸ್ತಿ ಹಾಕಿ ಕಳಿಸುತ್ತಿದ್ದರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ‘ಮಷಿನ್ ಜಗಳೂರು ಕಡೆ ಹಳ್ಳಿಗೆ ಹೋಗುತ್ತೆ, ನಾವೇನು ಅದರ ಜೊತೆ ಹೋಗ್ತೀವಾ?’ ಅನ್ನುತ್ತಿದ್ದರು. ಹಿಕಪ್ ಅಂಥ ನಾಜೂಕಿನ ಬಾಲ ಕಟ್ಟಿ ಸಮುದ್ರದಾಚೆ, ಭೂಮಿಯೊಳಗೆ ಕಳಿಸಿಬಿಟ್ಟ. ಒಂದು ಸ್ಪ್ರಿಂಗ್ ಹೋದರೆ?

ಅತ್ತಿದ್ದೇನೆ, ಹಾಗಂತ ಚಿತ್ರ ಚೆನ್ನಾಗಿದೆ ಅಂತಲ್ಲ ಅಲ್ವಾ? ಈರುಳ್ಳಿ ಹೆಚ್ಚಿದರೂ ಅಳು ಬರುತ್ತೆ. ನಿಮಗೆ ಏನನಿಸಿತು? ಮಗಳಿಗೆ ತೋರಿಸಲಾ, ಇಲ್ಲ ಎರಡಕ್ಕೇ ನಿಲ್ಲಿಸಿ ಕಥೆ ಮುಗೀತು ಅನ್ನಲಾ?

ದುರ್ಗದ ಮೇಷ್ಟ್ರು

ನಿಮ್ಮದು ಬಾಲದ ತಕರಾರು, ನನ್ನದು ಊರಿನ ತಕರಾರು.

ಮೊದಲನೇ ಚಿತ್ರ ಶುರುವಾಗುವುದೇ ಬೆರ್ಕ್ ಊರಿನ ಪರಿಚಯದಿಂದ. ಏಳು ತಲೆಮಾರಿನ ಊರು, ಆದರೆ ಪ್ರತಿಯೊಂದು ಮನೆಯೂ ಹೊಸದು ಅನ್ನುತ್ತಾನೆ ಹಿಕಪ್. ಡ್ರ್ಯಾಗನ್‌ಗಳು ಸುಡುತ್ತವೆ, ಇವರು ಮತ್ತೆ ಕಟ್ಟುತ್ತಾರೆ. ಬೇರೆಯವರಾಗಿದ್ದರೆ ಊರು ಬಿಡುತ್ತಿದ್ದರು, ಇವರು ಹಟಮಾರಿಗಳು. ನಾನು ಏಳು ಸುತ್ತಿನ ಕೋಟೆಯ ಬುಡದಲ್ಲಿ ಹುಟ್ಟಿದವನು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಗ್ಗಿದಾಗ ಒನಕೆ ಹಿಡಿದು ನಿಂತವಳ ಕಥೆ ಕೇಳಿಕೊಂಡೇ ಬೆಳೆದವನು. ಆ ಹಟ ನನಗೆ ತಕ್ಷಣ ಅರ್ಥವಾಯಿತು. ಅಂಥ ಜನ ಮೂರನೇ ಚಿತ್ರದಲ್ಲಿ ಒಬ್ಬ ಬೇಟೆಗಾರ ಬಂದ ಅಂತ ಗಂಟುಮೂಟೆ ಕಟ್ಟಿ ಡ್ರ್ಯಾಗನ್ ಹತ್ತಿ ಹೊರಟೇಬಿಡುತ್ತಾರೆ. ಒಬ್ಬ ಮುದುಕಿಯಾದರೂ ‘ನಾ ಬರಲ್ಲ, ನನ್ನ ಗಂಡ ಇಲ್ಲೇ ಸತ್ತಿದ್ದು’ ಅಂತ ಕಂಬ ಹಿಡಿದು ಕೂರಬೇಡವಾ? ನನಗೆ ಅಲ್ಲೇ ಚಿತ್ರ ಅರ್ಧ ಬಿಟ್ಟುಹೋಯಿತು.

ಆದರೆ ಬಿಟ್ಟು ಕಳಿಸಿದ್ದರ ಬಗ್ಗೆ ನಿಮ್ಮ ಮಾತು ಒಪ್ಪಲ್ಲ. ಈ ಕಥೆಯ ಮೂಲ ಲೇಖಕಿ ಕ್ರೆಸಿಡಾ ಕೋವೆಲ್ ಅವರ ಮೊದಲ ಪುಸ್ತಕ 2003ರದ್ದು. ಒಟ್ಟು 12 ಪುಸ್ತಕ. ಅದರಲ್ಲಿ ಟೂತ್‌ಲೆಸ್ ಸಣ್ಣ ಹಸಿರು ಪ್ರಾಣಿ, ಮೇಲೆ ಹತ್ತಿ ಕೂರುವ ಮಾತೇ ಇಲ್ಲ. ಚಿತ್ರಕ್ಕೆ ಬಂದಾಗ ಬಹಳ ಬದಲಾಯಿಸಿದರು. ಒಂದು ಮಾತ್ರ ಉಳಿಸಿಕೊಂಡರು. ನಾನು ಹುಡುಗನಾಗಿದ್ದಾಗ ಡ್ರ್ಯಾಗನ್‌ಗಳಿದ್ದವು ಅಂತಲೇ ಮೊದಲ ಪುಸ್ತಕ ಶುರುವಾಗುತ್ತೆ. ಅಂದರೆ ಹೇಳುವ ಹೊತ್ತಿಗೆ ಇಲ್ಲ! ಕೊನೆ ಯಾವತ್ತೋ ಬರೆದಾಗಿತ್ತು. ನಿರ್ದೇಶಕ ಡೀನ್ ಡೆಬ್ಲಾಯ್ ಆ ಸಾಲ ತೀರಿಸಿದ್ದಾರೆ. ಬಡ್ಡಿ ಲೆಕ್ಕದಲ್ಲಿ ಎಡವಿದ್ದಾರೆ, ಅಷ್ಟೇ.

ಮಗಳಿಗೆ ತೋರಿಸಿ. ನಮ್ಮ ತಕರಾರು ಅವಳ ತಲೆಗೆ ತುಂಬಬೇಡಿ.

ಕೊನೇ ಬೆಂಚ್, ದಾವಣಗೆರೆ

ಅಂಕಲ್, ನೀವು ಬಾಲ ನೋಡಿದಿರಿ, ಮೇಷ್ಟ್ರು ಊರು ನೋಡಿದರು. ಬೆಳಕನ್ನ ಯಾರೂ ನೋಡಲೇ ಇಲ್ವಾ?

ಮೂರೂ ಚಿತ್ರಕ್ಕೆ ಬೆಳಕು ಹೇಗಿರಬೇಕು ಅಂತ ಸಲಹೆ ಕೊಟ್ಟವರು ರೋಜರ್ ಡೀಕಿನ್ಸ್, ನಿಜವಾದ ಕ್ಯಾಮೆರಾ ಹಿಡಿಯುವ ಛಾಯಾಗ್ರಾಹಕ. ಅದಕ್ಕೇ ಕಾರ್ಟೂನಲ್ಲೂ ಕತ್ತಲೆ ಕತ್ತಲೆಯ ಹಾಗೇ ಇದೆ. ಮೂರನೇದರಲ್ಲಿ ಈ ಚಿತ್ರಗಳನ್ನ ಮಾಡಿದ ಡ್ರೀಮ್‌ವರ್ಕ್ಸ್ ಸ್ಟುಡಿಯೊದವರು ತಮ್ಮದೇ ಮೂನ್‌ರೇ ರೆಂಡರರ್ (ಬೆಳಕು ನೆರಳು ಲೆಕ್ಕ ಹಾಕಿ ಚಿತ್ರ ಮೂಡಿಸೋ ಸಾಫ್ಟ್‌ವೇರ್) ಬಳಸಿದರು. ಜಲಪಾತದ ಒಳಗಿನ ಆ ಹೊಳೆಯೋ ಲೋಕ ಎಲ್ಲಾ ಅದರದ್ದೇ. 2023ರಲ್ಲಿ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು. ನಾನೂ ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ. ಒಂದು ಚೆಂಡು, ಒಂದು ದೀಪ, ಅಷ್ಟೇ ಇಟ್ಟಿದ್ದು. ಫ್ಯಾನ್ ಶಬ್ದಕ್ಕೆ ಪಕ್ಕದ ರೂಮಿನವನು ಮಂಡಕ್ಕಿ ಭಟ್ಟಿ ಹಾಕಿದ್ದೀಯಾ ಅಂತ ಕೇಳಿದ.

ಮರಳಿನ ಮೇಲೆ ಟೂತ್‌ಲೆಸ್ ಬಿಳಿ ಡ್ರ್ಯಾಗನ್ ಎದುರು ಕುಣಿಯೋ ಸೀನ್ ನೆನಪಿದೆಯಾ? ಮಾತೇ ಇಲ್ಲ. ಹಿಕಪ್ ಪೊದೆಯ ಹಿಂದಿಂದ ಸನ್ನೆ ಮಾಡ್ತಾನೆ, ಇದು ತಪ್ಪು ತಪ್ಪಾಗಿ ಕಾಪಿ ಹೊಡೆಯುತ್ತೆ. ನಮ್ಮ ಕಾಲೇಜು ಗೇಟ್ ಹತ್ತಿರ ದಿನಾ ಇದೇ ನಡೆಯೋದು. ಆ ಒಂದು ಸೀನಿಗೆ ವಿಲನ್‌ನ ಮಾಫಿ ಮಾಡಬಹುದು. ನನ್ನ ವೋಟು ಮೂರನೇದಕ್ಕೆ.

ಖಾರ ಮಂಡಕ್ಕಿ

ನೀವೆಲ್ಲಾ ಬಹಳ ಒಳ್ಳೆಯವರು. ಬಿಳಿ ಡ್ರ್ಯಾಗನ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದಕ್ಕೆ ಒಂದು ಹೆಸರೂ ಇಲ್ಲ ಸ್ವಾಮಿ, ಜಾತಿ ಹೆಸರೇ ಹೆಸರು, ಲೈಟ್ ಫ್ಯೂರಿ! ಸೀರೆ ಅಂಗಡಿ ಗಾಜಿನ ಹಿಂದಿನ ಬೊಂಬೆ ಥರ ಹೊಳೆಯುತ್ತೆ, ನಾಚುತ್ತೆ, ಮಾಯವಾಗುತ್ತೆ. ಬೊಚ್ಚಪ್ಪನಿಗೆ ಇರೋ ಹಟ, ಹೊಟ್ಟೆಬಾಕತನ, ತುಂಟತನ ಅದಕ್ಕೂ ಒಂದು ಚಿಟಿಕೆ ಕೊಡಬಾರದಿತ್ತಾ?

‘ಕೊನೆಯದು’ ಅನ್ನೋ ಮಾತು ನಂಬಿದ್ದೀರಲ್ಲ, ಅದೂ ಮಜಾ. 2025ರಲ್ಲಿ ಅದೇ ಡೆಬ್ಲಾಯ್ ಅದೇ ಮೊದಲನೇ ಕಥೆಯನ್ನ ನಿಜವಾದ ನಟರನ್ನ ಹಾಕಿಕೊಂಡು ಮತ್ತೆ ತೆಗೆದರು. ಅಪ್ಪನ ಪಾತ್ರಕ್ಕೆ ಅದೇ ಜೆರಾರ್ಡ್ ಬಟ್ಲರ್. ಮದುವೆ ಊಟ ಮುಗಿಸಿ ಎಲೆ ಎತ್ತಿದ ಮೇಲೆ ಮತ್ತೆ ಉಪ್ಪು ಬಡಿಸಿಕೊಂಡು ಬಂದ ಹಾಗೆ.

ಒಂದು ಅಯ್ಯೋ ಪಾಪ ಮಾತ್ರ ಇದೆ. 2010ರ ಮೊದಲನೇದು ಆಸ್ಕರ್‌ನಲ್ಲಿ ಸೋತಿದ್ದು ‘ಟಾಯ್ ಸ್ಟೋರಿ 3’ರ ಎದುರು. 2019ರ ಮೂರನೇದು ಸೋತಿದ್ದು ‘ಟಾಯ್ ಸ್ಟೋರಿ 4’ರ ಎದುರು. ನಡುವಿನದು ‘ಬಿಗ್ ಹೀರೋ 6’ಗೆ ಸೋತಿತು. ಮೂರು ಸಲ ಎಲೆ ಹಾಕಿಸಿಕೊಂಡು ಮೂರು ಸಲವೂ ಹಸಿದು ಎದ್ದವರು. ಮೊದಲನೇದಕ್ಕಾದರೂ ಕೊಡಬೇಕಿತ್ತು ಅಂತ ನಾನು ಇವತ್ತಿಗೂ ಜಗಳ ಆಡುತ್ತೇನೆ.

ಎಡಗಾಲು, ಹರಿಹರ

ನನ್ನ ಹೆಸರು ನೋಡಿದರೆ ಗೊತ್ತಾಗುತ್ತೆ. ಮೊಣಕಾಲ ಕೆಳಗೆ ಇಲ್ಲ. ಬೈಕ್ ಆಕ್ಸಿಡೆಂಟ್, ಹೈವೇಯಲ್ಲಿ. ಆರು ವರ್ಷ ಆಯಿತು.

ಕೃತಕ ಕಾಲು ಹಾಕಿಕೊಂಡವರಿಗೆ ಸಿನಿಮಾದಲ್ಲಿ ಎರಡೇ ಪಾತ್ರ. ಅಯ್ಯೋ ಪಾಪ, ಇಲ್ಲವೇ ಶೂರ. ಈ ಸರಣಿಯಲ್ಲಿ ಎರಡೂ ಇಲ್ಲ. ಮೊದಲನೇದರ ಕೊನೆಯಲ್ಲಿ ಹಿಕಪ್ ಹಾಸಿಗೆಯಿಂದ ಕಾಲು ಕೆಳಗಿಡುತ್ತಾನೆ, ನೋಡುತ್ತಾನೆ, ಒಂದು ಉಸಿರು ಬಿಡುತ್ತಾನೆ. ಎದ್ದು ಎರಡು ಹೆಜ್ಜೆ, ಮುಗ್ಗರಿಸುತ್ತಾನೆ, ಟೂತ್‌ಲೆಸ್ ತಲೆ ಕೊಟ್ಟು ಹಿಡಿಯುತ್ತೆ. ಅಷ್ಟೇ. ಆಮೇಲೆ ಅದು ಸುಮ್ನೆ ಒಂದು ಕಾಲು.

ಮೂರನೇದು ನಾನು ನೋಡಿದ್ದು ಕಾಲು ಹೋದ ಮೇಲೆ, ಮನೆಯಲ್ಲಿ. ಕೊನೆಯ ಜಗಳ ನೆನಪಿಸಿಕೊಳ್ಳಿ. ಹಿಕಪ್ ಆಕಾಶದಿಂದ ಬೀಳುತ್ತಿದ್ದಾನೆ. ಬಿಳಿ ಡ್ರ್ಯಾಗನ್ ಬಂದು ಅವನನ್ನು ಹಿಡಿಯುತ್ತೆ. ಗ್ರಿಮ್ಮೆಲ್ ಅವನ ಕಬ್ಬಿಣದ ಕಾಲು ಹಿಡಿದು ನೇತಾಡುತ್ತಿದ್ದಾನೆ. ಕಾಲು ಕಳಚಿಕೊಳ್ಳುತ್ತೆ. ವಿಲನ್ ಕಾಲಿನ ಸಮೇತ ಸಮುದ್ರಕ್ಕೆ! ನಾನು ಶಿಳ್ಳೆ ಹಾಕಿದೆ, ಅಡಿಗೆ ಮನೆಯಿಂದ ನಮ್ಮಮ್ಮ ಓಡಿ ಬಂದರು. ಏಪ್ರಿಲ್ ಬಿಸಿಲಿಗೆ ಸಾಕೆಟ್ ಒಳಗೆ ಬೆವರು ತುಂಬಿ ಚರ್ಮ ಕಿತ್ತು, ಈ ಕಾಲನ್ನ ತುಂಗಭದ್ರೆಗೆ ಎಸೆದುಬಿಡಲಾ ಅನ್ನಿಸಿದ ದಿನಗಳಿವೆ. ಅದೇ ಕಾಲು ಬಿಚ್ಚಿಕೊಂಡಿದ್ದಕ್ಕೆ ಒಬ್ಬ ಬದುಕಿದ್ದು ನೋಡಿದೆ. ಚಿತ್ರ ನಿರೀಕ್ಷೆಯಷ್ಟು ಚೆನ್ನಾಗಿದೆಯಾ ಇಲ್ಲವಾ, ಅದೆಲ್ಲಾ ನನಗೆ ಗೊತ್ತಿಲ್ಲ.

ಲೇತ್ ಅಂಗಡಿ ಅಣ್ಣಾ, ಆಟೊಮ್ಯಾಟಿಕ್ ಬಾಲದ ಬಗ್ಗೆ ಒಂದು ಮಾತು. ಮೊದಲ ಎರಡು ತಿಂಗಳು ನನ್ನನ್ನ ನಮ್ಮಣ್ಣ ಬಾತ್ರೂಮಿಗೂ ಎತ್ತಿಕೊಂಡು ಹೋಗುತ್ತಿದ್ದ. ಪ್ರೀತಿಯಿಂದಲೇ. ಕಾಲು ಬಂದ ದಿನ ನಾನೇ ನಡೆದು ಹೋಗಿ ಬಾಗಿಲು ಹಾಕಿಕೊಂಡೆ. ಆಚೆ ನಿಂತು ಅವನು ಅಳುತ್ತಿದ್ದ. ನಾನು ಒಳಗೆ ನಗುತ್ತಿದ್ದೆ. ನೀವು ಪೆಡಲ್ ತುಳಿಯುವವನ ಕಡೆಯಿಂದ ಕಥೆ ನೋಡುತ್ತಿದ್ದೀರಿ ಅನಿಸುತ್ತೆ.

ಲೇತ್ ಅಂಗಡಿ, ದಾವಣಗೆರೆ

ಹರಿಹರದ ತಮ್ಮಾ, ನಿನ್ನ ಮಾತು ಓದಿ ಅವತ್ತು ಮಧ್ಯಾಹ್ನ ಒಂದು ಶಾಫ್ಟ್ ಅಳತೆ ತಪ್ಪಿ ಕತ್ತರಿಸಿದೆ. ನಷ್ಟ ನನ್ನದೇ, ಇರಲಿ.

ನಿನ್ನೆ ಭಾನುವಾರ ತೋರಿಸಿದೆ. ಮಿರ್ಚಿ, ಖಾರ ಮಂಡಕ್ಕಿ ತಂದಿದ್ದೆ (ಮೇಲಿನವರಲ್ಲ, ತಿನ್ನೋದು). ಇಂಗ್ಲಿಷಿನದ್ದೇ ಹಾಕಿ, ಅರ್ಥವಾಗದ ಕಡೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಗ್ರಿಮ್ಮೆಲ್ ಬಂದಾಗಲೆಲ್ಲಾ ಅವಳು ನೀರು ಕುಡಿಯಲು ಎದ್ದು ಹೋದಳು. ಅಲ್ಲಿಗೆ ನನ್ನ ಒಂದು ತಕರಾರು ಪಾಸ್. ಮೇಷ್ಟ್ರೇ, ಊರು ಬಿಡುವ ಕಡೆ ಅವಳು ಕೇಳಿದ್ದು ಒಂದೇ: ‘ಕುರಿಗಳನ್ನೂ ಕರ್ಕೊಂಡು ಹೋದ್ರಾ?’ ಕುಣಿಯುವ ಸೀನ್ ನಾಲ್ಕು ಸಲ ಹಿಂದಕ್ಕೆ ಹಾಕಿಸಿದಳು. ಅದು ಚೆನ್ನಾಗಿದೆ, ಒಪ್ಪಿದೆ. ಬೆಳಕೂ ಚೆನ್ನಾಗಿದೆ ಮಾರಾಯ, ಬೆಂಗಳೂರಲ್ಲಿ ಬಾಲ ನೋಡುವ ಗಲಾಟೆಯಲ್ಲಿ ಅದು ಕಾಣಲೇ ಇಲ್ಲ.

ಕಾಲು ಕಳಚುವ ಕಡೆ ನಾನು ಶಿಳ್ಳೆ ಹಾಕಿದೆ. ನಿನ್ನ ಲೆಕ್ಕಕ್ಕೆ.

ಕೊನೆಗೆ ತಡಿ ಕಳಚಿ ಎಲ್ಲರೂ ಬಿಟ್ಟು ಕಳಿಸುತ್ತಾರಲ್ಲ, ಅಲ್ಲಿ ನಮ್ಮ ಮನೆಯವಳು ಸೆರಗು ಹಿಡಿದುಕೊಂಡಳು. ಅವಳು ಮೊದಲೆರಡು ನೋಡೇ ಇಲ್ಲ! ನಾನು ಮತ್ತೆ ಅತ್ತೆ. ಮಗಳ ಕಣ್ಣಲ್ಲಿ ಒಂದು ಹನಿ ಇಲ್ಲ. ಹುಬ್ಬು ಗಂಟು ಹಾಕಿಕೊಂಡು ಕೂತಿದ್ದಳು. ಏನಮ್ಮಾ ಅಂದೆ.

‘ಅಪ್ಪಾಜಿ, ಅಲ್ಲಿ ಬಾಲ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?’

ನಾನು ಇವಳ ಮುಂದೆ ಒಂದು ಸಲವೂ ಆ ಮಾತು ಎತ್ತಿಲ್ಲ, ಆಣೆ. ಶನಿವಾರ ಶನಿವಾರ ಅಂಗಡಿಗೆ ಬಂದು ನಟ್ಟು ಬೋಲ್ಟು ಬೇರೆ ಮಾಡುತ್ತಾ ಕೂರುತ್ತಾಳೆ, ಅಲ್ಲಿ ಹತ್ತಿರಬೇಕು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನೇ ನಾನೂ ಕೇಳ್ತಿರೋದು ಅಂದೆ.

ಅಷ್ಟರಲ್ಲಿ ಆ ಕೊನೆಯ ಭಾಗ ಬಂತು. ವರ್ಷಗಳಾಗಿವೆ. ಹಿಕಪ್ ಗಡ್ಡ ಬಿಟ್ಟಿದ್ದಾನೆ, ಹೆಂಡತಿ ಆಸ್ಟ್ರಿಡ್ ಜೊತೆ, ಇಬ್ಬರು ಮಕ್ಕಳ ಜೊತೆ ಹಡಗಿನಲ್ಲಿ ಬರುತ್ತಾನೆ. ಬೊಚ್ಚಪ್ಪ ಮೊದಲು ಗುರುತು ಹಿಡಿಯದೆ ಗುರ್ ಅನ್ನುತ್ತೆ. ಇವನು ಮುಖ ತಿರುಗಿಸಿ ಕೈ ಚಾಚುತ್ತಾನೆ, ಮೊದಲನೇದರಲ್ಲಿ ಮಾಡಿದ ಹಾಗೇ. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಗಳು ಎದ್ದು ನಿಂತು ಕೈ ತಟ್ಟಿದಳು.

‘ನೋಡಿ, ಸರ್ವಿಸಿಂಗ್‌ಗೆ ಬಂದಿದ್ದಾನೆ!’

ಅವಳು ಮಲಗಿದ ಮೇಲೆ ಆ ಭಾಗ ಮತ್ತೆ ಹಾಕಿ, ತಡೆ ತಡೆದು ನೋಡಿದೆ. ಹಡಗಿನಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಪಾನಾ ಪೆಟ್ಟಿಗೆ ಎಲ್ಲೂ ಕಾಣಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಬಿಡುವಾಗ ಹೇಳಿದೆ. ಬ್ಯಾಗ್ ಹೆಗಲಿಗೆ ಏರಿಸಿಕೊಂಡು ‘ಕೆಳಗೆ ಇಟ್ಟಿರ್ತಾನೆ, ಮಳೆ ಬಂದ್ರೆ ತುಕ್ಕು ಹಿಡಿಯಲ್ವಾ’ ಅಂದು ಒಳಗೆ ಹೋದಳು.